ಮೊಮ್ಮಗಳನ್ನು ಪಾಸಿಂಗ್ ಮಾಡಿಸಿದವ

ಸಾಯುವ ಹಿಂದಿನ ದಿನ ಶಟ್ಟೆಪ್ಪ ಕಟಕೋಳದ ಅಂಗನವಾಡಿಯಲ್ಲಿ ಎರಡೂ ಕಾಲು ಎತ್ತಿ ಜಿಗಿದ. ಜಿಗಿಯಬೇಕಾಗಿದ್ದದ್ದು ಅವನ ಮೊಮ್ಮಗಳು ಶೀತಲ್. ಅವಳಿಗೆ ಎರಡೂವರೆ ವರ್ಷ, ಅವನಿಗೆ ಅರವತ್ತೆರಡು.

“ಅಜ್ಜಾ, ನಿಮ್ದ ಆತು. ಈಗ ಹುಡುಗೀನ ಬಿಡ್ರಿ,” ಎಂದರು ಡಾಕ್ಟರ್ ಹಿನಾಕೌಸರ.

“ತೋರ್ಸಿ ಕೊಟ್ನಿರಿ ಬಾಯಾರ. ನೋಡಿ ಕಲೀತೈತಿ ಕೂಸು.”

ಅವನ ಹೆಂಡತಿ ಕಾಡವ್ವ ಬಾಗಿಲಲ್ಲಿ ಕೂತು ಹಣೆ ಹಣೆ ಬಡಿದುಕೊಂಡಳು. ಆರು ತಿಂಗಳಿಗೊಮ್ಮೆ ರಾಮದುರ್ಗದಿಂದ ಡಾಕ್ಟರ ಜೀಪು ಬರುತ್ತದೆ. ಅಂಗನವಾಡಿಯ ಮಕ್ಕಳನ್ನೆಲ್ಲ ತೂಗುತ್ತಾರೆ, ಎತ್ತರ ಅಳೆಯುತ್ತಾರೆ, ತೋಳಿಗೆ ಪಟ್ಟಿ ಸುತ್ತುತ್ತಾರೆ. ವಯಸ್ಸಿಗೆ ತಕ್ಕಂತೆ ಮಗು ನಡೆಯುತ್ತದೆಯೋ, ಮಾತಾಡುತ್ತದೆಯೋ, ಅದಕ್ಕೆ ಕೇಳಿಸುತ್ತದೆಯೋ ಎಂದು ಆಟ ಆಡಿಸಿ ನೋಡುತ್ತಾರೆ. ಆಟ ಎಂದರೆ ಶಟ್ಟೆಪ್ಪ ಬದಿಗೆ ಕೂರುವ ಆಳಲ್ಲ. ಮೊದಲು ತೂಕದ ಯಂತ್ರ ಹತ್ತಿದ. ಯಾಕೆ ಎಂದರೆ, ಅದು ಬರೋಬ್ಬರಿ ಇದೆಯೋ ಇಲ್ಲವೋ ನೋಡಬೇಕಲ್ಲ ಎಂದ.

“ನಿನ್ನ ಹೆಸರೇನವ್ವಾ?” ಡಾಕ್ಟರು ಮಗುವನ್ನು ಕೇಳಿದರು.

“ಶೀತಲ್ ರೀ,” ಎಂದ ಶಟ್ಟೆಪ್ಪ, ಗಂಟಲು ಸಣ್ಣ ಮಾಡಿಕೊಂಡು.

ಕೂತಿದ್ದ ತಾಯಂದಿರೆಲ್ಲ ನಕ್ಕರು. ಡಾಕ್ಟರೂ ನಕ್ಕರು. ಕೊನೆಗೆ ಅವನೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ನರ್ಸಮ್ಮ ಹಿಂದೆ ನಿಂತು ಎಡಗಡೆ ಗಂಟೆ ಅಲ್ಲಾಡಿಸಿದಳು. ಶೀತಲ್ ಎಡಕ್ಕೆ ನೋಡಿತು. ಬಲಗಡೆ ಅಲ್ಲಾಡಿಸಿದಳು. ಬಲಕ್ಕೆ ನೋಡಿತು. ಡಾಕ್ಟರು ಕಾರ್ಡಿನಲ್ಲಿ ಗೀಟು ಹಾಕಿದರು.

ಹೊರಗೆ ಅವನ ಮೂರು ಗಾಲಿಯ ಟಂಟಂನಲ್ಲಿ ಕೂತ ಮಂದಿ ಹಾರ್ನ್ ಒತ್ತತೊಡಗಿದ್ದರು. ಶಟ್ಟೆಪ್ಪ ಮೀಸೆ ತಿರುವಿಕೊಂಡು ಎದ್ದ. ಹೆಂಡತಿಯ ಹತ್ತಿರ ಬಂದು, “ಪಾಸಿಂಗ್ ಆತು ನೋಡ,” ಎಂದ.

ಮರುದಿನ ಬೆಳಿಗ್ಗೆ ಟಂಟಂನ ಗಾಜು ಒರೆಸುತ್ತಿದ್ದವನು ಗಾಲಿಗೆ ಒರಗಿ ಕೂತ. “ಚಾ ಆರಾಕ ಹತ್ತೇತಿ,” ಎಂದು ಕಾಡವ್ವ ಒಳಗಿನಿಂದ ಎರಡು ಸಲ ಕೂಗಿದಳು. ಮೂರನೇ ಸಲ ಬೈಯಲೆಂದು ಹೊರಗೆ ಬಂದಳು. ಬೈಯಲಿಲ್ಲ.

ಇಪ್ಪತ್ತಾರು ವರ್ಷ ಅವನು ಕಟಕೋಳ–ರಾಮದುರ್ಗ ಟಂಟಂ ಓಡಿಸಿದ. ಎಂಟು ಮಂದಿಯ ಜಾಗದಲ್ಲಿ ಹದಿನಾಲ್ಕು ಮಂದಿ ಕೂರಿಸುತ್ತಿದ್ದ. ಹದಿನೈದನೆಯವಳು ಬಂದರೆ, “ಬರ್ರಿ ಅಕ್ಕಾರ, ಗಾಡಿ ಖಾಲಿ ಐತಿ,” ಎನ್ನುತ್ತಿದ್ದ. ಟಂಟಂನವರ ರೂಢಿ ಎಲ್ಲರಿಗೂ ಗೊತ್ತು: ಹಿಂದೆ ಕೂತವರು ತಗಡಿಗೆ ಒಂದು ಸಲ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಬಿಡಬೇಕು. ಅವನು ಅದನ್ನು ಮನೆಗೂ ತಂದಿದ್ದ. ಊಟ ಸಾಕಾದರೆ ತಾಟಿಗೆ ಒಂದು ಬಡಿತ, ರೊಟ್ಟಿ ಬೇಕಾದರೆ ಎರಡು. “ಬಾಯಿ ಇಲ್ಲೇನು ನಿಮಗ?” ಎಂದು ಕಾಡವ್ವ ಕೇಳಿದರೆ ತಾಟಿಗೆ ಎರಡು ಬಡಿಯುತ್ತಿದ್ದ.

ವರ್ಷಕ್ಕೊಮ್ಮೆ ಗಾಡಿಗೆ ಪಾಸಿಂಗ್ ಬರುತ್ತಿತ್ತು. ಗಾಡಿ ಗಟ್ಟಿ ಇದೆ ಎಂದು ಸಾಹೇಬರು ನೋಡಿ ಬರೆದುಕೊಡುವ ದಿನ. ಶಟ್ಟೆಪ್ಪನ ಟೈರು ಅವನ ತಲೆಯಷ್ಟೇ ಬೋಳು. ಹಿಂದಿನ ದಿನ ಗೆಳೆಯ ಫಕ್ರುಸಾಬನ ಗಾಡಿಯ ಹೊಸ ಟೈರು ಬಿಚ್ಚಿ ತನ್ನದಕ್ಕೆ ಹಾಕುತ್ತಿದ್ದ. ಪಾಸಾದ ಮೇಲೆ ವಾಪಸ್ಸು. ಫಕ್ರುಸಾಬನ ಪಾಸಿಂಗಿಗೆ ಇವನ ಹಾರ್ನು, ಲೈಟು ಹೋಗುತ್ತಿದ್ದವು. ಇಬ್ಬರದೂ ಸೇರಿ ಒಂದು ಗಟ್ಟಿ ಗಾಡಿ ಇತ್ತು.

ಮೊಮ್ಮಗಳ ತಪಾಸಣೆಯೂ ಅಂಥದೇ ಎಂದು ಅವನು ತಿಳಿದಿದ್ದ. ಅವಳಿಗೆ ಎರಡು ವರ್ಷವಿದ್ದಾಗ ಡಾಕ್ಟರು ಗಂಟೆ ಅಲ್ಲಾಡಿಸಿದ್ದರು, ಅವಳು ತಿರುಗಿರಲಿಲ್ಲ. “ನೆಗಡಿ ಐತಿ, ಮುಂದಿನ ಸಲ ನೋಡೋಣ,” ಎಂದಿದ್ದರು. ಮನೆ ಹತ್ತಿರ ಬಂದಾಗ ಶಟ್ಟೆಪ್ಪ, “ನಮ್ಮ ಹುಡುಗಿ ಫೇಲಾ? ಮುಂದಿನ ಸಲಾ ನೋಡ್ತೇನಿ,” ಎಂದಿದ್ದ. ಅಂದಿನಿಂದ ಸಂಜೆಗೊಮ್ಮೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟ ಆಡಿಸುತ್ತಿದ್ದ, ಕೈಗೆ ಬೆಲ್ಲದ ಚೂರು ಕೊಡುತ್ತಿದ್ದ. ಮುದುಕನಿಗೆ ಮೊಮ್ಮಗಳ ಹುಚ್ಚು ಎಂದುಕೊಂಡಿದ್ದಳು ಕಾಡವ್ವ.

ಆಟ ಏನೆಂದು ತಿಳಿದದ್ದು ಅವನು ಹೋಗಿ ಆರು ತಿಂಗಳಾದ ಮೇಲೆ, ಬಚ್ಚಲಲ್ಲಿ.

ಶೀತಲ್‌ಗೆ ಕಾಡವ್ವ ನೀರು ಎರೆಯುತ್ತಿದ್ದಳು. ಸೋಪು ಕಣ್ಣಿಗೆ ಹೋಗಿ ಹುಡುಗಿ ಚೀರಿತು. ಸಮಾಧಾನಕ್ಕೆಂದು ಅದರ ತೊಡೆಯ ಮೇಲೆ ಒಂದು ಸಲ ತಟ್ಟಿದಳು. ಅಳುತ್ತಲೇ ಹುಡುಗಿ ಥಟ್ಟನೆ ಎಡಕ್ಕೆ ತಿರುಗಿತು. ಕಾಡವ್ವನೂ ಎಡಕ್ಕೆ ನೋಡಿದಳು. ಗೋಡೆ. ಎರಡು ಸಲ ತಟ್ಟಿದಳು. ಹುಡುಗಿ ಬಲಕ್ಕೆ ತಿರುಗಿತು, ಬೆಲ್ಲಕ್ಕೆ ಕೈ ಚಾಚಿತು.

ಕಾಡವ್ವ ಮತ್ತೆ ತಟ್ಟಿದಳು. ಒಂದು, ಎಡ. ಎರಡು, ಬಲ. ನಗು ಬಂತು. ಅವನು ಹೋದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಭಾಡ್ಕೋ,” ಎಂದಳು ಸತ್ತ ಗಂಡನಿಗೆ. ಬದುಕಿದ್ದಾಗ ಹೆಸರು ಹಿಡಿದು ಕರೆದವಳಲ್ಲ.

ನಗು ಅರ್ಧಕ್ಕೆ ನಿಂತಿತು. ಮಗುವಿನ ಹಿಂದೆ ಹೋಗಿ ಮೆಲ್ಲಗೆ, “ಶೀತಲ್,” ಎಂದಳು. ಹುಡುಗಿ ನೀರಲ್ಲಿ ಕೈ ಆಡಿಸುತ್ತಲೇ ಇತ್ತು. ಮತ್ತೊಮ್ಮೆ ಕರೆದಳು. ಇಲ್ಲ. ಹಂಡೆಗೆ ತಂಬಿಗೆ ಬಡಿದಳು. ಆಗ ತಿರುಗಿತು. ದೊಡ್ಡ ಸದ್ದಿಗೆ ತಿರುಗುತ್ತದೆ ಎಂದೇ ಮನೆಯವರೆಲ್ಲ ಮೋಸ ಹೋಗಿದ್ದರು. ಹುಡುಗಿಗೆ ಬರುತ್ತಿದ್ದದ್ದು ನಾಲ್ಕೇ ಮಾತು. ಕೇಳಿದವರಿಗೆ ಶಟ್ಟೆಪ್ಪ, “ನಮ್ಮ ವಂಶದಾಗ ಮಾತ ತಡಾ. ಬಂದ ಮ್ಯಾಲ ನಿಲ್ಲಂಗಿಲ್ಲ,” ಎನ್ನುತ್ತಿದ್ದ.

ಸೊಸೆ ಮೀನಾಳಿಗೆ ತೋರಿಸಿದಳು. ಮೀನಾ ಮಗಳ ಒದ್ದೆ ತಲೆ ಒರೆಸಿದಳು.

“ನಾಳೆ ಡಾಕ್ಟರ್ ಬರ್ತಾರ ಅತ್ತಿ. ನೀವ ತೊಡಿ ಮ್ಯಾಲ ಕುಂದರ್ಸ್ಕೊಂಡ ತಟ್ಟಿಬಿಡ್ರಿ.”

“ಮತ್ತ ಸುಳ್ಳ ಹೇಳಲೇನ?”

“ಕಾರ್ಡಿನ್ಯಾಗ ಕಿವುಡಿ ಅಂತ ಬಂದ್ರ ಅಳಸಾಕ ಬರತೈತೇನ್ರಿ? ನಾಳೆ ಸಾಲಿಗೆ ತಗೋತಾರೋ ಇಲ್ಲೋ. ಮಾವಾರು ಸುಮ್ಮ ಮಾಡಿದ್ರೇನು?”

“ನಿಮ್ಮ ಮಾವಾರು ಬೋಳ ಟೈರ್ ಇಟ್ಕೊಂಡ ಗಾಡಿ ಪಾಸ್ ಮಾಡ್ಸಿದ್ರು. ಪಾಸಾದ ಮ್ಯಾಲೂ ಟೈರ್ ಬೋಳ ಇತ್ತವಾ.”

ಮೀನಾ ರಾತ್ರಿ ಉಣ್ಣಲಿಲ್ಲ.

ಮರುದಿನ ಅಂಗನವಾಡಿಯಲ್ಲಿ ಗದ್ದಲವೋ ಗದ್ದಲ. ಬೀರಪ್ಪನ ಮೊಮ್ಮಗ ಅಳತೆಯ ಪಟ್ಟಿ ಕಚ್ಚಿ ಕೂತಿದ್ದ, ಬಿಡಿಸಲು ಟೀಚರ್ ಕೃಷ್ಣವ್ವ ಒದ್ದಾಡುತ್ತಿದ್ದಳು. ಶೀತಲ್‌ಳ ಸರದಿ ಬಂತು. ಈ ಸಲ ಜಿಗಿಯಿತು, ಅದೂ ಮೂರು ಸಲ. ಐದು ಮರದ ತುಂಡು ಒಂದರ ಮೇಲೊಂದು ಇಟ್ಟಿತು. ಹೆಸರು ಕೇಳಿದಾಗ ಸುಮ್ಮನೆ ನಕ್ಕಿತು. ಸಣ್ಣ ಗಂಟಲಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ.

“ತೊಡಿ ಮ್ಯಾಲ ಕುಂದರ್ಸ್ಕೋರಿ ಆಯಿ,” ಎಂದರು ಡಾಕ್ಟರು.

ಕಾಡವ್ವ ಕೂರಿಸಿಕೊಂಡಳು. ಗೋಡೆಗೆ ನಿಂತಿದ್ದ ಮೀನಾ ಕಣ್ಣಲ್ಲೇ ಬೇಡಿದಳು. ಹಿಂದೆ ಗಂಟೆ ಅಲ್ಲಾಡಿತು. ಎಡಗಡೆ. ಒಂದು ಸಲ ತಟ್ಟಿದರೆ ಮುಗಿಯಿತು. ಗಂಡನ ಹೆಸರೂ ಉಳಿಯಿತು, ಸೊಸೆಯ ಮುಖವೂ ಗೆಲುವಾಯಿತು. ಬೆರಳು ಎದ್ದಿತು. ಅವಳು ಎರಡೂ ಕೈಯನ್ನು ತನ್ನ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಭಾರ ಬಿಟ್ಟು ಕೂತಳು.

ಶೀತಲ್ ತಿರುಗಲಿಲ್ಲ. ಬಲಗಡೆ ಅಲ್ಲಾಡಿತು. ಆಗಲೂ ಇಲ್ಲ. ಹುಡುಗಿ ಬಗ್ಗಿ ಅಜ್ಜಿಯ ಕೈ ಎಲ್ಲಿ ಹೋಯಿತೆಂದು ಹುಡುಕುತ್ತಿತ್ತು.

ಡಾಕ್ಟರು ಹಳೆಯ ಕಾರ್ಡು ನೋಡಿದರು. “ಹ್ವಾದ ಸಲ ಎರಡೂ ಕಡೆ ಕೇಳ್ಸಿತ್ತಲ್ಲ?”

“ಆವತ್ತ ಕೇಳ್ಸಿದ್ದು ಅಕಿಗಲ್ಲರಿ,” ಎಂದಳು ಕಾಡವ್ವ. “ನಮ್ಮನಿಯವ್ರಿಗೆ.”

ಕೈ ಹೊರಗೆ ತೆಗೆದಳು. ತಟ್ಟಿ ತೋರಿಸಿದಳು. ಒಂದು, ಎಡ. ಎರಡು, ಬಲ. ಮೊದಲು ನಕ್ಕವಳು ನರ್ಸಮ್ಮ. ಆಮೇಲೆ ಇಡೀ ಅಂಗನವಾಡಿ. ಬೀರಪ್ಪನ ಮೊಮ್ಮಗನೂ ಪಟ್ಟಿ ಬಿಟ್ಟು ನಕ್ಕ. ಡಾಕ್ಟರ್ ಹಿನಾಕೌಸರ ಕಣ್ಣೀರು ಬರುವಷ್ಟು ನಕ್ಕು, ಕಣ್ಣು ಒರೆಸಿಕೊಂಡು ಗಂಭೀರವಾದರು.

“ನಂದೂ ತಪ್ಪೈತಿ ಆಯಿ. ಅಜ್ಜನ ಕೈ ನೋಡ್ಬೇಕಿತ್ತು. ಆರು ತಿಂಗಳ ಸುಮ್ಮನ ಹೋತು.”

“ಹ್ವಾತ ಹ್ವಾತ ಅನಬ್ಯಾಡ್ರಿ. ಮುಂದೇನ ಹೇಳ್ರಿ.”

“ಹೇಳಿಕೊಟ್ಟಿದ್ದ ಹಿಂಗ ಹಿಡೀತಾಳಂದ್ರ ಹುಡುಗಿ ಭಾಳ ಶ್ಯಾಣೆ ಅದಾಳ. ಕಿವಿ ಅಷ್ಟ ನೋಡ್ಬೇಕು. ಕಾರ್ಡ್ ಮ್ಯಾಲ ಬರೀತೇನಿ, ಅದು ಸಾಲಿ ಬಿಡ್ಸಾಕಲ್ಲ, ಬೆಳಗಾಂವಿಗೆ ಕಳ್ಸಾಕ.”

ಆ ಮಾತು ಮೀನಾಳ ಕಿವಿಗೆ ಬಿತ್ತು. ಅವಳು ಬಂದು ಮಗಳನ್ನು ಎತ್ತಿಕೊಂಡಳು. ಅತ್ತೆಯ ಕಡೆ ನೋಡಲಿಲ್ಲ. ಆದರೆ ಬೆಳಗಾವಿಗೆ ಹೋಗುವ ದಿನ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದವಳು ಅವಳೇ. ಫಕ್ರುಸಾಬ ತನ್ನ ಗಾಡಿಯಲ್ಲಿ ರಾಮದುರ್ಗದ ಬಸ್ ನಿಲ್ದಾಣದವರೆಗೆ ಬಿಟ್ಟ. ದಾರಿಯಲ್ಲಿ ವಿಷಯ ಕೇಳಿ, “ಸಾಯೂ ತನಕ ಮಂದೀನ ನಗಿಸಿದಾ, ಸತ್ತ ಮ್ಯಾಲೂ ಬಿಡವಲ್ಲ ಮಗಾ,” ಎಂದ.

ಬೆಳಗಾವಿಯಲ್ಲಿ ಮೂರು ಸಲ ತಪಾಸಣೆಯಾಯಿತು. ಎರಡೂ ಕಿವಿ ಮಂದ. ಸಣ್ಣ ಮಾತು ಕೇಳಿಸುವುದಿಲ್ಲ, ಮಶೀನು ಹಾಕಿದರೆ ಕೇಳಿಸುತ್ತದೆ ಎಂದರು. ಕಿವಿಯ ಅಚ್ಚು ತೆಗೆದರು. ತಿಂಗಳ ಮೇಲೆ ಎರಡು ಮಶೀನು ಕೊಟ್ಟರು. ಹಾಕಿದ ದಿನ ಶೀತಲ್ ತನ್ನ ಉಸಿರಿಗೇ ಹೆದರಿ ಅತ್ತಿತು. ಕಾಗದ ಹರಿದು ಅದರ ಸದ್ದು ಆಲಿಸಿತು, ಮತ್ತೊಂದನ್ನು ಹರಿಯಿತು. ಕಾಡವ್ವ ಹಿಂದೆ ನಿಂತು ಮೆಲ್ಲಗೆ ಕರೆದಳು. ಹುಡುಗಿ ತಿರುಗಿತು. ಮೀನಾ ಮತ್ತೊಮ್ಮೆ ಕರೆದಳು, ಇನ್ನೂ ಮೆಲ್ಲಗೆ.

ಈಗ ಶೀತಲ್‌ಗೆ ಮೂರೂಮುಕ್ಕಾಲು. ಮಾತು ಒಂದೊಂದೇ ಬರುತ್ತಿದೆ. ಬಂದದ್ದರಲ್ಲಿ ಅರ್ಧ ಚಾಡಿ. ಅಜ್ಜಿ ಗೊರಕೆ ಹೊಡೆಯುತ್ತಾಳೆ ಎಂದು ಓಣಿಗೆಲ್ಲ ಹೇಳಿಬಂದಿದೆ. ಗೊರಕೆಯ ವಿಷಯ ಇಷ್ಟು ವರ್ಷ ಗಂಡನೂ ಹೇಳಿರಲಿಲ್ಲ ಎಂದು ಕಾಡವ್ವನಿಗೆ ಸಿಟ್ಟು.

ಬೆಳಿಗ್ಗೆ ಎದ್ದು ಒಲೆ ಹೊತ್ತಿಸುವ ಮೊದಲು ಅವಳು ಡಬ್ಬಿ ತೆರೆಯುತ್ತಾಳೆ. ಕಿವಿಯ ಅಚ್ಚುಗಳನ್ನು ಒಣ ಅರಿವೆಯಿಂದ ಒರೆಸುತ್ತಾಳೆ. ತೂತಿನಲ್ಲಿ ಗುಗ್ಗೆ ಇದೆಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ಮಶೀನನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾಳೆ. ಕುಂಯ್ ಎಂದರೆ ಸೆಲ್ಲು ಇದೆ ಎಂದು ಅರ್ಥ. ಅನ್ನದಿದ್ದರೆ ಸೆಲ್ಲು ಬದಲಿಸುತ್ತಾಳೆ. ಆಮೇಲೆ ನಿದ್ದೆಗಣ್ಣಿನ ಹುಡುಗಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಮೊದಲು ಬಲಗಿವಿಗೆ, ಆಮೇಲೆ ಎಡಗಿವಿಗೆ ಹಾಕುತ್ತಾಳೆ.