ನೀಲವ್ವನ ಅಂಗಡಿಯಲ್ಲಿ ಇಟ್ಟ ಸಾಮಾನು

ಕಂತು ನಿಲ್ಲಿಸಿದವರು ತನ್ನ ಅಂಗಡಿಯ ಮುಂದೆ ಹಾದುಹೋದರೆ ನೀಲವ್ವ ಅವರನ್ನು ಕರೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕೈಗೆ ಸಿಕ್ಕ ಸೌಟನ್ನು ತೆಗೆದುಕೊಂಡು, ಅವರು ತನ್ನಲ್ಲಿ ಇಟ್ಟ ಹಂಡೆಯ ಮೇಲೆ ಒಂದು ಏಟು ಹಾಕುತ್ತಿದ್ದಳು. ತಾಮ್ರದ ದನಿ ಬಜಾರದ ಕೊನೆಯ ಚಹಾದ ಅಂಗಡಿಯವರೆಗೂ ಹೋಗುತ್ತಿತ್ತು. ಅಲ್ಲಿ ಕುಳಿತವರು ಇವತ್ತು ಯಾರು ಹಾದುಹೋದರೆಂದು ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಹಾದುಹೋದವಳು ಸೆರಗನ್ನು ಮುಂದಕ್ಕೆಳೆದುಕೊಂಡು ಬಿರಬಿರನೆ ನಡೆಯುತ್ತಿದ್ದಳು. ನೀಲವ್ವ ಸೌಟನ್ನು ಮೊಳೆಗೆ ತೂಗುಹಾಕಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು.

ಗಜೇಂದ್ರಗಡದ ಬಜಾರದಲ್ಲಿ ಆಕೆಯದು ಬಾಂಡೆ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿದಳು. ಕುಳ್ಳಗಿನ ದೇಹ, ದಪ್ಪ ಕನ್ನಡಕ, ತಾಮ್ರ ತಿಕ್ಕಿ ತಿಕ್ಕಿ ಕಪ್ಪಾದ ಉಗುರು. ಮಗಳ ಮದುವೆಗೆಂದು ತಾಯಂದಿರು ಆಕೆಯ ಬಳಿ ಸಾಮಾನು ‘ಇಡುತ್ತಿದ್ದರು’. ಹಂಡೆ, ಕೊಡ, ಪರಾತ, ಬೋಗುಣಿ, ಏನು ಬೇಕೋ ಆರಿಸಿ ಮೊದಲ ಕಂತು ಕೊಡಬೇಕು. ಆಮೇಲೆ ಕೈಲಾದಾಗ ಕೈಲಾದಷ್ಟು. ಪೂರ್ತಿ ಮುಟ್ಟಿದ ದಿನ ಸಾಮಾನು ಮನೆಗೆ. ಬಡ್ಡಿ ಇಲ್ಲ. ಮೊದಲ ದಿನ ಹೇಳಿದ ಬೆಲೆಯೇ ಕೊನೆಯ ದಿನದ ಬೆಲೆ, ನಡುವೆ ತಾಮ್ರ ಎಷ್ಟೇ ಏರಲಿ. ಬೇರೆ ಅಂಗಡಿಯವರು ಹಣವೆಲ್ಲ ಬಂದ ಮೇಲೆ ಪಾತ್ರೆಗೆ ಹೆಸರು ಹಾಕುತ್ತಾರೆ. ನೀಲವ್ವ ಮೊದಲ ಕಂತಿನ ದಿನವೇ ಉಳಿ, ಸುತ್ತಿಗೆ ತೆಗೆದು, ತಾಯಿಯ ಎದುರಿಗೇ ಮಗಳ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆದುಬಿಡುತ್ತಿದ್ದಳು. ಇನ್ನು ಅದನ್ನು ಆಕೆ ಬೇರೆಯವರಿಗೆ ಮಾರುವ ಹಾಗಿಲ್ಲ, ಇವರು ಬೇಡವೆನ್ನುವ ಹಾಗಿಲ್ಲ.

“ಹೆಸರು ಹಾಕಿದ ಮ್ಯಾಲ ಅದು ನಂದೂ ಅಲ್ಲ, ನಿಂದೂ ಅಲ್ಲ. ರೊಕ್ಕ ಮುಟ್ಟೂತನಾ ನಡುವ ಇರತೈತಿ. ನಡುವ ಇದ್ದದ್ದಕ್ಕ ಯಾರೂ ಕೈ ಹಚ್ಚಬಾರದು,” ಎನ್ನುತ್ತಿದ್ದಳು.

ಕೈ ಹಚ್ಚಗೊಡುತ್ತಲೂ ಇರಲಿಲ್ಲ. ಮುಶಿಗೇರಿಯ ಒಬ್ಬ ತಾಯಿ ಮಗಳ ಮದುವೆಯ ಹಿಂದಿನ ದಿನ ಬಂದಿದ್ದಳು. ಒಂದೇ ಕಂತು ಉಳಿದಿತ್ತು. ಹಂಡೆ ಕೊಡಿ, ಅಕ್ಷತೆ ಬಿದ್ದ ಮರುದಿನವೇ ಹಣ ತಂದು ಕೊಡುತ್ತೇನೆ ಎಂದು ಕಾಲು ಮುಟ್ಟಿದಳು. ನೀಲವ್ವ ಕಾಲನ್ನು ಮಣೆಯ ಕೆಳಗೆ ಎಳೆದುಕೊಂಡಳು. ಆ ಮದುವೆ ಹಂಡೆಯಿಲ್ಲದೆ ಆಯಿತು. ಗಂಡಿನ ಕಡೆಯ ಹೆಂಗಸರು ಉಣ್ಣುವ ಸಾಲಿನಲ್ಲಿ ಅದನ್ನೇ ಮಾತಾಡಿದರಂತೆ. ಹದಿನೈದು ದಿನದ ಮೇಲೆ ಆ ತಾಯಿ ಹಣ ತಂದಾಗ ನಾನೂ ಅವ್ವನೂ ಅಲ್ಲೇ ಇದ್ದೆವು. ನೀಲವ್ವ ಹಂಡೆಯನ್ನು ಸೆರಗಿನಿಂದ ಒರೆಸಿ ಕೊಡುತ್ತಾ ಹೇಳಿದಳು: “ಮದುವಿ ಅಂತೂ ಆತು. ಕೂಸಿನ ತೊಟ್ಟಲದ ಹೊತ್ತಿಗರೆ ಮುಟ್ಟಿತಲ್ಲ, ಸಮಾಧಾನ ಮಾಡ್ಕೊ.” ಆ ಹೆಂಗಸು ಅಳುತ್ತಾ ಹಂಡೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಮರುವರ್ಷ ಎರಡನೇ ಮಗಳಿಗೂ ನೀಲವ್ವನ ಬಳಿಯೇ ಇಟ್ಟಳು.

ಯಾಕೆ ಇಟ್ಟಳೆಂದು ನನಗೆ ಆಗ ತಿಳಿದಿರಲಿಲ್ಲ. ತಿಳಿದದ್ದು ನಮ್ಮಪ್ಪನಿಂದ.

ಅವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ದುಡಿದ ಹಣ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಹಿಟ್ಟಿನ ಡಬ್ಬಿಯಲ್ಲಿಟ್ಟರೂ ಅಪ್ಪನಿಗೆ ಅದರ ವಾಸನೆ ಹತ್ತುತ್ತಿತ್ತು, ಸಂಜೆಗೆ ಸಾರಾಯಿ ಅಂಗಡಿ ಸೇರುತ್ತಿತ್ತು. ಹಾಗಾಗಿ ಸಂತೆಯ ದಿನ ಖಾನಾವಳಿಯ ಹಣ ಕೈಗೆ ಬಿದ್ದ ಕೂಡಲೇ ಅವ್ವ ನೇರ ನೀಲವ್ವನ ಅಂಗಡಿಗೆ ಹೋಗುತ್ತಿದ್ದಳು. ಅಕ್ಕ ಸರೋಜಾಳ ಹೆಸರಿನಲ್ಲಿ ತಾಮ್ರದ ಹಂಡೆ, ಎರಡು ಕೊಡ, ಒಂದು ದೊಡ್ಡ ಪರಾತ ಇಟ್ಟಿದ್ದಳು. ಅಪ್ಪನಿಗೆ ಅದು ಗೊತ್ತಾದ ದಿನ ಅಂಗಡಿಗೆ ಹೋಗಿ, ಗಂಡ ನಾನು, ಕಟ್ಟಿದ ಹಣ ತಿರುಗಿ ಕೊಡು ಎಂದು ನಿಂತ. ನೀಲವ್ವ ಹೊಳೆಯುವ ಸ್ಟೀಲಿನ ಗಂಗಾಳವೊಂದನ್ನು ಒರೆಸಿ ಅವನ ಮುಖದ ಮುಂದೆ ಹಿಡಿದಳು.

“ಸರೋಜಾ ಅಂತ ಹೆಸರೈತಿ ಅದರ ಮ್ಯಾಲ. ಇದರಾಗ ನೋಡಿ ಹೇಳಪಾ, ನೀ ಸರೋಜಾ ಕಂಡಂಗ ಕಾಣತೀ ಏನು?”

ಬಜಾರ ನಕ್ಕಿತು. ಅಪ್ಪ ಸಾಯುವವರೆಗೂ ಆ ಓಣಿಗೆ ಕಾಲಿಡಲಿಲ್ಲ. ಆ ರಾತ್ರಿ ಅವನು ಅವ್ವನನ್ನು ಹೊಡೆದ. ಅವ್ವ ಹೊಡೆತ ತಿಂದು, ಎದ್ದು, ಅವನಿಗೆ ಬಿಸಿ ರೊಟ್ಟಿ ಬಡಿಸಿದಳು. ಮರುವಾರದ ಕಂತನ್ನು ಎಂದಿನಂತೆ ಕಟ್ಟಿದಳು. ಕೆನ್ನೆಯ ಮೇಲಿನ ಬಾವನ್ನು ನೋಡಿ ನೀಲವ್ವ ಏನಾಯಿತೆಂದು ಕೇಳಲಿಲ್ಲ. ಹಣವನ್ನು ಎಣಿಸಿ, ಹತ್ತು ರೂಪಾಯಿ ಕಡಿಮೆ ಇದೆ ಎಂದಳು.

ಸರೋಜಾಳಿಗೆ ಚಿಕ್ಕನರಗುಂದದ ಗಂಡು ಗೊತ್ತಾದಾಗ ಮುಕ್ಕಾಲು ಭಾಗ ಕಟ್ಟಿಯಾಗಿತ್ತು. ಬೀಗರಿಗೆ ಅವಸರವಿತ್ತು. ಸಾಮಾನು ಮೊದಲೇ ಕೊಡಿ ಎಂದು ಅವ್ವ ಕೇಳಿದಳು, ನೀಲವ್ವ ಮುಶಿಗೇರಿಯವಳಿಗೆ ಕೊಡದಂತೆ ಅವಳಿಗೂ ಕೊಡಲಿಲ್ಲ. ಅಷ್ಟರಲ್ಲಿ ಅಣ್ಣ ಮಲ್ಲಣ್ಣನಿಗೆ ಕ್ರೆಡಿಟ್ ಕಾರ್ಡ್ ಬಂದಿತ್ತು. ಅವನು ನರಗುಂದದಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತಾನೆ. ಅಲ್ಲಿಯ ಶೋರೂಮೊಂದರಲ್ಲಿ ಕಾರ್ಡ್ ಒಮ್ಮೆ ಉಜ್ಜಿದ. ಫ್ರಿಜ್, ಮಿಕ್ಸರ್, ಸ್ಟೀಲಿನ ಪೂರ್ತಿ ಸಂಸಾರ, ಎಲ್ಲ ಅದೇ ಸಂಜೆ ರೋಣದ ಮೇಲೆ ಹಾದು ನಮ್ಮ ಊರಿಗೆ ಬಂತು. ಮನೆಗೆ ಬೇರೆ ದಾರಿ ಇದ್ದರೂ ಮಲ್ಲಣ್ಣ ಟೆಂಪೊವನ್ನು ಬಜಾರದೊಳಗೆ ತಂದು, ನೀಲವ್ವನ ಅಂಗಡಿಯ ಮುಂದೆ ನಿಲ್ಲಿಸಿ, ಉದ್ದಕ್ಕೆ ಹಾರ್ನ್ ಹೊಡೆಸಿದ. ಮಲ್ಲಣ್ಣ, ಸರೋಜಾ, ನಾನು ಮೂವರೂ ಸಾಮಾನಿನ ನಡುವೆ ಕುಳಿತು ನಗುತ್ತಿದ್ದೆವು. ಅವ್ವನೂ ನಕ್ಕಳು.

ನೀಲವ್ವ ಕನ್ನಡಕ ಏರಿಸಿ ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ಕಿನಿಂದ ಕೆಳಗಿನ ಗಾಲಿಯವರೆಗೆ ನೋಡಿದಳು. “ಚಲೋ ಐತಿ ಶಿವವ್ವಾ,” ಎಂದಳು ಅವ್ವನಿಗೆ. “ಯಾರ ಹೆಸರ ಐತಿ ಅದರ ಮ್ಯಾಲ?”

ಮದುವೆ ಚೆನ್ನಾಗಿ ಆಯಿತು. ಆಮೇಲೆ ಅವ್ವ, ಕಟ್ಟಿದ ಹಣ ವಾಪಸು ಕೊಡಿ ಎಂದು ಕೇಳಲು ಹೋದಳು. ಹೆಸರನ್ನು ಅಳಿಸಿ ಕೊಡು, ಹಣ ಎಣಿಸಿ ಕೊಡುತ್ತೇನೆ ಎಂದಳು ನೀಲವ್ವ. ಮರುದಿನದಿಂದ ನಮ್ಮ ಹಂಡೆ ಅಂಗಡಿಯ ಮುಂದಿನ ಸಾಲಿಗೆ ಬಂತು, ಹೆಸರು ರಸ್ತೆಯ ಕಡೆಗೆ.

ವರ್ಷ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಜಾಗವೇ ಉಳಿಯಲಿಲ್ಲ. ನಾನು ಎಣಿಸಿ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಆ ವರ್ಷ ನಮ್ಮ ಓಣಿಯೊಂದರಲ್ಲೇ ಏಳು ಮನೆಯವರು ನೀಲವ್ವನ ಕಂತು ಬಿಟ್ಟರು. ಏಳೂ ಮನೆಗೆ ಕಾರ್ಡ್ ಬಂದಿತ್ತು. ಅಂಗಡಿಯ ತುಂಬ ಹೆಸರು: ಮಂಜುಳಾ, ರೇಣುಕಾ, ಶಾಹೀನ್, ಗಂಗವ್ವ, ಎರಡು ಲಕ್ಷ್ಮೀ. ಮಾರಲು ಬರುವುದಿಲ್ಲ, ಕರಗಿಸಲು ಮನಸ್ಸಿಲ್ಲ. ಆಗ ನೀಲವ್ವ ಅದೇ ಹೆಸರಿನ ಬೇರೆ ಕನ್ಯೆಯರನ್ನು ಹುಡುಕತೊಡಗಿದಳು. ಮದುವೆಯ ಆಮಂತ್ರಣ ಸಿಕ್ಕರೆ ಮುಹೂರ್ತ ನೋಡುವ ಮೊದಲು ಹೆಣ್ಣಿನ ಹೆಸರು ನೋಡುತ್ತಿದ್ದಳು. ರೋಣದಲ್ಲಿ ರೇಣುಕಾ ಇದ್ದಾಳೆಂದು ತಿಳಿದು ಬಸ್ಸು ಹತ್ತಿ ಹೋದಳು. ಆ ರೇಣುಕಾಳಿಗೆ ಆಗಿನ್ನೂ ಎಂಟು ವರ್ಷ. ನರಗುಂದದ ಒಬ್ಬ ಮಂಜುಳಾಗೆ ಪರಾತ ಮಾರಿ, ಮೊದಲಿನ ಮಂಜುಳಾಳ ತಾಯಿಗೆ ಹಣ ಮುಟ್ಟಿಸಿದಳು. ನಮ್ಮ ಮನೆಯಲ್ಲಿ ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು.

ನಗು ನಿಂತದ್ದು ಫೋನಿನಿಂದ. ಮಲ್ಲಣ್ಣ ಕಾರ್ಡಿಗೆ ತಿಂಗಳು ತಿಂಗಳು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದ. ಎರಡು ತಿಂಗಳು ಅದೂ ತಪ್ಪಿತು. ವಸೂಲಿಯವರು ಕರೆ ಮಾಡತೊಡಗಿದರು. ಅವರು ಬೈಯುತ್ತಿರಲಿಲ್ಲ, ಸರ್ ಎನ್ನುತ್ತಿದ್ದರು, ಮೇಡಂ ಎನ್ನುತ್ತಿದ್ದರು, ಊಟ ಆಯಿತೇ ಎಂದೂ ಕೇಳುತ್ತಿದ್ದರು. ಮಲ್ಲಣ್ಣ ಎತ್ತುವುದನ್ನು ಬಿಟ್ಟಾಗ, ಮದುವೆಯ ಮೇಲೆ ಅವನೇ ಬ್ಯಾಂಕಿಗೆ ಕೊಟ್ಟಿದ್ದ ಎರಡನೇ ನಂಬರಿಗೆ ಹಚ್ಚಿದರು. ಅದು ಸರೋಜಾಳ ಗಂಡನ ನಂಬರು. ಚಿಕ್ಕನರಗುಂದದ ಪಡಸಾಲೆಯಲ್ಲಿ ಅತ್ತೆ, ಮಾವ, ಮೈದುನರೆಲ್ಲ ಕುಳಿತಾಗ ಆ ಮೃದು ದನಿ, ನಿಮ್ಮ ಮನೆಯ ಫ್ರಿಜ್ಜಿನ ಹಣ ಯಾವಾಗ ಕಟ್ಟುತ್ತೀರಿ ಸರ್ ಎಂದು ಕೇಳಿತು.

ಬೀಗರು ಫ್ರಿಜ್ಜನ್ನು ತಿರುಗಿ ಕಳಿಸಿದರು. ಸರೋಜಾಳನ್ನೂ ಅದೇ ಗಾಡಿಯಲ್ಲಿ ಕಳಿಸಿದರು. ಸಾಲದ ಸಾಮಾನಿನ ಜೊತೆ ಬಂದವಳು, ಸ್ವಂತದ್ದು ತರುವಾಗ ಬರಲಿ ಎಂದು ಅತ್ತೆ ಹೇಳಿದ್ದಳಂತೆ. ಗಾಡಿಯ ಬಾಡಿಗೆಯನ್ನು ನಾವೇ ಕೊಟ್ಟೆವು.

ಮರುದಿನ ಅವ್ವ ಉಳಿದ ಕಾಲುಭಾಗದ ಕಂತು ಕಟ್ಟಲು ಮತ್ತೆ ಆರಂಭಿಸಿದಳು. ನಡುವೆ ಮೂರು ವರ್ಷ ಕಳೆದಿತ್ತು, ತಾಮ್ರದ ಬೆಲೆ ಎಲ್ಲಿಂದ ಎಲ್ಲಿಗೋ ಹೋಗಿತ್ತು. ನೀಲವ್ವ ಹಳೆಯ ಬೆಲೆಯನ್ನೇ ಹಿಡಿದಳು. ಒಂದು ಪೈಸೆ ಏರಿಸಲಿಲ್ಲ, ಒಂದು ಮಾತನ್ನೂ ಇಳಿಸಲಿಲ್ಲ. ಫ್ರಿಜ್ಜಿನ ತಣ್ಣೀರು ಕುಡಿದು ಗಂಟಲು ಹಿಡಿಯಿತೇನು, ಮಾತೇ ಹೊರಡುವುದಿಲ್ಲವಲ್ಲ ಎಂದು ಪ್ರತಿ ಸಂತೆಗೂ ಕೇಳುತ್ತಿದ್ದಳು. ಅವ್ವ ತಲೆ ಬಗ್ಗಿಸಿ ಹಣ ಇಟ್ಟು ಬರುತ್ತಿದ್ದಳು. ಹೆಸರು ಕೊರೆದ ತಾಮ್ರವನ್ನು ಸರೋಜಾಳ ಜೊತೆ ಬೀಗರ ಅಂಗಳದಲ್ಲಿ ಇಳಿಸಬೇಕು, ಅದಷ್ಟೇ ಅವಳಿಗೆ ಬೇಕಾಗಿತ್ತು. ಸರೋಜಾ ಎರಡನೇ ಒಲೆ ಹೂಡಿ ತಾನೂ ರೊಟ್ಟಿ ಬಡಿಯತೊಡಗಿದಳು.

ಅಷ್ಟರಲ್ಲಿ ನೀಲವ್ವನ ಮೊಣಕಾಲು ಹೋಯಿತು. ಅಂಗಡಿಯ ಮುಂಭಾಗವನ್ನು ಮಗ ಈರಣ್ಣ ಹಿಡಿದ. ಮಿಕ್ಸರ್, ಕುಕ್ಕರ್ ತಂದಿಟ್ಟ, ಕಾರ್ಡ್ ಉಜ್ಜುವ ಯಂತ್ರ ಇಟ್ಟ. ಹೆಸರಿನ ಸಾಮಾನೆಲ್ಲ ಮೇಲಿನ ಅಟ್ಟಕ್ಕೆ ಹೋಯಿತು. ನೀಲವ್ವ ಹಿಂದಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ತನ್ನ ಹಳೆಯ ಗಿರಾಕಿಗಳ ಕಂತನ್ನು ತಾನೇ ತೆಗೆದುಕೊಳ್ಳುತ್ತಿದ್ದಳು.

ಕೊನೆಯ ಕಂತಿನ ದಿನ ಅವ್ವ, ಸರೋಜಾ, ನಾನು ಮೂವರೂ ಹೋದೆವು. ಸರೋಜಾ ಹೊಸ ಸೀರೆ ಉಟ್ಟಿದ್ದಳು. ನೀಲವ್ವ ಹಣವನ್ನು ಎರಡು ಸಲ ಎಣಿಸಿದಳು. “ಈರ್‍ಯಾ, ಸರೋಜಾನ ಸಾಮಾನ ಇಳಸು,” ಎಂದಳು.

ಈರಣ್ಣ ಗಿರಾಕಿಯೊಬ್ಬನಿಗೆ ಕುಕ್ಕರ್ ತೋರಿಸುತ್ತಿದ್ದ. ತಿರುಗದೆಯೇ ಹೇಳಿದ: “ಅದೆಲ್ಲಾ ಹೋತಲ್ಲವ್ವಾ. ಹೋದ ತಿಂಗಳ ಹುಬ್ಬಳ್ಳಿ ಗುಜರಿಯಾಂವ ಬಂದಿದ್ದ, ತೂಕಕ್ಕ ಹಾಕಿದೆ. ಇವರ ರೊಕ್ಕ ಇವರಿಗೆ ಕೊಟ್ಟು ಕಳಿಸು.”

ನೀಲವ್ವ ಹಣವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. ಅದನ್ನು ತೊಡೆಯ ಮೇಲೆ ಇಟ್ಟಳು, ಮತ್ತೆ ಎತ್ತಿಕೊಂಡಳು. ಅಂಗಡಿ ಮಗನ ಹೆಸರಿನಲ್ಲಿತ್ತು. ಅದರ ಮೇಲೆ ಅವನ ಸಾಲವಿತ್ತು. ಕಟ್ಟಿದ ಅಷ್ಟೂ ಹಣ ತಿರುಗಿ ಬಂದರೂ ಇವತ್ತಿನ ಬೆಲೆಗೆ ಹಂಡೆಯೊಂದೇ ಬರುತ್ತಿತ್ತು, ಉಳಿದದ್ದಕ್ಕೆ ಮತ್ತೆ ಕಾರ್ಡೇ ಗತಿ. ಎಲ್ಲರಿಗೂ ಇದು ಗೊತ್ತಿತ್ತು.

“ನನಗ ರೊಕ್ಕ ಬ್ಯಾಡ್ರಿ ನೀಲಕ್ಕಾರ,” ಎಂದಳು ಅವ್ವ. “ನಾ ಇಟ್ಟದ್ದು ಕೊಡ್ರಿ.”

ಮುಂದಿನ ಸಂತೆಗೆ ಅವ್ವ ಖಾಲಿ ಕೈಯಲ್ಲಿ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ದನಿ ಏರಿಸಲಿಲ್ಲ. ನೀಲವ್ವನನ್ನು ನೋಡುತ್ತಾ ಅದೇ ಮಾತನ್ನು ಒಮ್ಮೆ ಹೇಳಿ, ಸಂತೆ ಮುಗಿಯುವವರೆಗೆ ಕುಳಿತು ಎದ್ದು ಬಂದಳು. ಅದರ ಮುಂದಿನ ಸಂತೆಗೂ ಹೋದಳು. ಬಂದ ಗಿರಾಕಿಗಳು ಏನು ಎತ್ತ ಎಂದು ಕೇಳುತ್ತಿದ್ದರು. ಅವ್ವ ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು, ನೀಲವ್ವನಿಗೆ ಕೇಳುವಷ್ಟು. ಹೋದದ್ದನ್ನು ತುಂಬಿಕೊಡುತ್ತೇನೆಂದು ನೀಲವ್ವ ಕೈಯಲ್ಲಿದ್ದ ಎರಡು ಬಂಗಾರದ ಬಳೆ ಬಿಚ್ಚಿ ಕೊಡಲು ಬಂದಳಂತೆ. ಅದರ ಮೇಲೆ ನಿಮ್ಮ ಮಗನ ಕಣ್ಣಿದೆ, ನಾಳೆ ಅವನು ನನ್ನನ್ನು ಕಳ್ಳಿ ಎನ್ನುತ್ತಾನೆ ಎಂದು ಅವ್ವ ತಿರುಗಿಸಿದಳು. ಐದನೇ ಸಂತೆಗೆ ಮೂಲೆಯ ಕುರ್ಚಿ ಖಾಲಿ ಇತ್ತು. ಆಮೇಲೆ ನೀಲವ್ವ ಅಂಗಡಿಗೆ ಬರಲಿಲ್ಲ.

ಆಕೆ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ನಾನೊಬ್ಬಳೇ ಮನೆಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಿ ಕನ್ನಡಕ ಹುಡುಕಿದಳು.

“ಏನಂತಾಳ ನಿಮ್ಮವ್ವ?”

“ಇಟ್ಟದ್ದು ಕೊಡ್ರಿ ಅಂತಾಳ, ಆಯಿ.”

“ಬರೋಬ್ಬರಿ ಐತಿ,” ಎಂದಳು. “ನಾನಾಗಿದ್ರೂ ಬಿಡ್ತಿದ್ದಿಲ್ಲ.”

ಕುಡಿಯಲು ನೀರು ಕೊಡಲೇ ಎಂದರೆ ಬೇಡವೆಂದಳು. ಸರೋಜಾ ಗಂಡನ ಮನೆಗೆ ಹೋದಳೇ ಎಂದು ಕೇಳಿದಳು. ಇಲ್ಲ ಎಂದೆ. ಮತ್ತೆ ಗೋಡೆಯ ಕಡೆ ತಿರುಗಿದಳು.

ನೀಲವ್ವ ತೀರಿಕೊಂಡ ಮರುವಾರದ ಸಂತೆಗೆ ಅವ್ವ ಮೆಟ್ಟಿಲ ಮೇಲೆ ಕೂರಲು ಹೋಗಲಿಲ್ಲ. ನೀನು ಹೋಗಿ ಈರಣ್ಣನಿಂದ ಹಣ ತೆಗೆದುಕೊಂಡು ಬಾ ಎಂದು ನನಗೆ ಹೇಳಿದಳು. ಇಷ್ಟು ದಿನ ಬೇಡವೆಂದದ್ದನ್ನು ಈಗ ಯಾಕೆ ಎಂದು ಕೇಳಿದೆ.

“ಆಕಿಗೆ ನಾಚಿಕಿ ಇತ್ತು, ಕುಂತೆ,” ಎಂದಳು ಅವ್ವ, ರೊಟ್ಟಿ ತಿರುವುತ್ತಾ. “ಇಂವನ ಮುಂದ ಕುಂತು ಏನ ಮಾಡ್ಲಿ?”

ಈರಣ್ಣ ಫೋನಿನಲ್ಲೇ ಹಣ ಕಳಿಸಿದ. ನಾನು ಮೆಟ್ಟಿಲು ಇಳಿಯುವ ಮೊದಲೇ ಬಂತು. ಅದೇ ವಾರ ಅದು ಮಲ್ಲಣ್ಣನ ಕಾರ್ಡಿಗೆ ಹೋಯಿತು. ಬಡ್ಡಿಗೆ ಸರಿಹೋಯಿತು, ಅಸಲು ಹಾಗೇ ಇದೆ. ಕಟ್ಟಿದ್ದಕ್ಕೆ ಧನ್ಯವಾದ ಹೇಳಲು ವಸೂಲಿಯವರು ಸಂಜೆ ಚಿಕ್ಕನರಗುಂದದ ನಂಬರಿಗೆ ಕರೆ ಮಾಡಿದ್ದರಂತೆ.