ಭಾವನ ಬಿಳಿ ಕಾರಿಗೆ ಮೆತ್ತಿದ ಡಾಂಬರು

ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದೆ. ಮೊಣಕೈವರೆಗೂ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದೆ, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೂಗಿದರು: "ನಿಮ್ಮ ಭಾವ ಫೋನ್ ಮಾಡಿದ್ರು ರೀ. ಕಾರು ತಗೊಂಡು ಹೋಗೋಕೆ ಇವತ್ತೇ ಸಾಯಂಕಾಲ ಬರ್ತಾರಂತೆ." ಆಗ ನಮ್ಮ ಬಾಣಸವಾಡಿಯ ಬಾಡಿಗೆ ಮನೆಯಲ್ಲಿ ಫೋನಿರಲಿಲ್ಲ. ಫೋನಿರುವ ಪಕ್ಕದ ಮನೆಯನ್ನು ದೇವರು ಕೊಟ್ಟಿದ್ದ, ಅದೂ ಒಂದು ಕೃಪೆಯೇ.

ಕಾರು ನನ್ನ ಗಂಡನ ಅಣ್ಣನದು. ಕೆ.ಆರ್. ಪುರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾದ ಮೇಲೆ ಕೊಂಡದ್ದು. "ಶೋರೂಮಿಂದ ಬಂದಾಗ ಹೇಗಿತ್ತೋ ಹಾಗೇ ಇದೆ, ಒಂದು ಗೀರಿಲ್ಲ" ಎಂದು ಮದುವೆಮನೆ, ತಿಥಿಮನೆ ಎನ್ನದೆ ಹೇಳುತ್ತಿದ್ದರು. ಸೊಂಟದ ಮೂಳೆ ಮುರಿದುಕೊಂಡ ನನ್ನ ಅಮ್ಮನನ್ನು ಇಂದಿರಾನಗರದ ಆಸ್ಪತ್ರೆಗೆ ಸೇರಿಸಲು ಆ ಕಾರನ್ನು ಕೊಟ್ಟಿದ್ದರು. ಆಪರೇಷನ್ ಆಗಿತ್ತು. ಗುರುವಾರ ಮನೆಗೆ ಕರೆತರಬೇಕಿತ್ತು. ಆಟೋದಲ್ಲಿ ಮಾತ್ರ ಕೂರಿಸಬೇಡಿ ಎಂದಿದ್ದರು ಡಾಕ್ಟರು. ಅಂದರೆ ಭಾವನನ್ನು ಮತ್ತೆ ಕೇಳಬೇಕು.

ಅದೇ ಬೆಳಿಗ್ಗೆ ನಮ್ಮ ರಸ್ತೆಗೆ ಹೊಸದಾಗಿ ಡಾಂಬರು ಹಾಕುತ್ತಿದ್ದರು, ಯಜಮಾನರು ಅದರ ಮೇಲೇ ಕಾರು ಓಡಿಸಿಕೊಂಡು ಬಂದಿದ್ದರು. ಎಷ್ಟೋ ವರ್ಷದಿಂದ ನಾವೇ ಬೇಡಿಕೊಂಡ ರಸ್ತೆ, ದೇವರು ಕರುಣಿಸಲು ಆರಿಸಿಕೊಂಡದ್ದು ಆ ದಿನವನ್ನೇ. ಬಾಗಿಲುಗಳ ಕೆಳಭಾಗದ ತುಂಬ ಕಪ್ಪು ಚುಕ್ಕೆ, ಅದರ ಮೇಲೆ ಕೆಂಪು ಧೂಳು.

ಹೊರಗೆ ಹೋಗಿ ನೋಡಿದರೆ ಯಜಮಾನರು ಬ್ಲೇಡು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು.

"ಅಯ್ಯೋ, ಏನ್ ಮಾಡ್ತಿದ್ದೀರಿ ರೀ! ಬಣ್ಣಾನೇ ಕಿತ್ಕೊಂಡು ಬರುತ್ತೆ."

"ಸೋಪಲ್ಲಿ ಹೋಗ್ತಿಲ್ಲ ಕಣೇ. ಪಾತ್ರೆ ಉಜ್ಜೋ ನಾರು ಕೊಡ್ತೀಯಾ?"

"ಕೊಡ್ತೀನಿ. ಆಮೇಲೆ ನಿಮ್ಮಣ್ಣ ನಿಮ್ಮನ್ನ ಉಜ್ತಾರೆ."

ಹಲಸಿನ ಮೇಣ ಬಿಡಿಸುವ ಎಣ್ಣೆ ಡಾಂಬರು ಬಿಡಿಸಲಾರದೇ? ಹಳೇ ಬನಿಯನ್ ತುಂಡನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಒಂದೊಂದು ಚುಕ್ಕೆಯ ಮೇಲೂ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ಬಟ್ಟೆಗೆ ಅಂಟಿಕೊಂಡು ಬಂತು. ಹಲಸೂರಿನ ಸೋಮೇಶ್ವರನನ್ನು ನೆನೆಯುತ್ತಾ ಸುತ್ತಲೂ ಒರೆಸಿ, ಕೊನೆಗೆ ಜಿಡ್ಡು ಹೋಗಲೆಂದು ಸೋಪುನೀರು ಹಾಕಿ ತೊಳೆದೆ.

ಅವನು ಬೇಡಿದ್ದಕ್ಕಿಂತ ಹೆಚ್ಚೇ ಕರುಣಿಸಿದ. ಕೊಳೆಯೆಲ್ಲ ಹೋದ ಮೇಲೆ ಹಿಂದಿನ ಬಾಗಿಲ ಕೆಳಗೆ ಅಂಗೈಯಗಲ ಬೇರೆಯೇ ಬಿಳುಪು ಕಾಣಿಸಿತು, ಹಾಲಿನ ಕೆನೆಯ ಹಾಗೆ. ಅಂಚಿನಲ್ಲಿ ಸಣ್ಣ ಬಿರುಕು. ಯಜಮಾನರು ಬೆರಳಿಂದ ತಟ್ಟಿದರು. ತಗಡಿನ ಸದ್ದು ಬರಲಿಲ್ಲ.

"ಅಣ್ಣ ಎಲ್ಲೋ ಗುದ್ದಿಸ್ಕೊಂಡು, ತಗ್ಗಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಸಿದ್ದಾರೆ ಕಣೇ!" ಎಂದು ನಕ್ಕವರ ಮುಖ ತಕ್ಷಣವೇ ಸಪ್ಪಗಾಯಿತು. "ನಾವೇ ಮಾಡಿದ್ದು ಅಂದ್ಬಿಟ್ರೆ? ಮತ್ತೆ ಸ್ವಲ್ಪ ಮಣ್ಣು ಮೆತ್ಲಾ?"

"ತೊಳೆದ ಕಾರಿಗೆ ಮಣ್ಣು ಮೆತ್ತೋರು ಎಲ್ಲಾದ್ರೂ ಇದ್ದಾರಾ? ಸುಮ್ನಿರಿ."

ಅವರಿಗೆ ಹಾಗೆಂದೆನೇ ಹೊರತು ನಾನೂ ಆ ಜಾಗವನ್ನು ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದೆ. ಭಾವ ಮುನಿದರೆ ಅಮ್ಮ ಆಟೋದಲ್ಲೇ ಬರಬೇಕು, ಒಂದೊಂದು ಗುಂಡಿಗೂ ಕೂಗಿಕೊಳ್ಳುತ್ತಾ.

ಭಾವ ಬಂದವರೇ ಕಾರಿಗೆ ಪ್ರದಕ್ಷಿಣೆ ಹಾಕಿದರು. ದೇವಸ್ಥಾನದಲ್ಲಿ ಅಷ್ಟು ನಿಧಾನವಾಗಿ ಹಾಕಿದ್ದನ್ನು ನಾನು ಕಂಡಿಲ್ಲ. ಹಿಂದಿನ ಬಾಗಿಲ ಬಳಿ ನಿಂತರು. ಬಗ್ಗಿ, ಹೆಬ್ಬೆರಳಿಂದ ಆ ಜಾಗವನ್ನು ಸವರಿದರು.

"ಇಷ್ಟೊಂದು ಯಾಕಮ್ಮ ತೊಳೆಯೋಕೆ ಹೋದೆ?"

"ನಿಮ್ಮ ಕಾರಲ್ವಾ ಭಾವ. ಶೋರೂಮಿಂದ ಬಂದ ಹಾಗೇ ಕೊಡಬೇಕು ಅಂತ."

ದೇವರಾಣೆ, ಚುಚ್ಚಬೇಕೆಂದು ಆಡಿದ ಮಾತಲ್ಲ. ಬಾಯಿಗೆ ಬಂದದ್ದೇ ಅದು. ಯಜಮಾನರು ಕೆಮ್ಮಿದರು. ಭಾವ ನನ್ನ ಮುಖ ನೋಡಿದರು, ಆಮೇಲೆ ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆಯನ್ನು ನೋಡಿದರು.

"ನಿಮ್ಮಮ್ಮ ಯಾವತ್ತು ಮನೆಗೆ ಬರೋದು?"

"ಗುರುವಾರ, ಭಾವ."

"ಹಂಗಾದ್ರೆ ಕಾರು ಇಲ್ಲೇ ಇರಲಿ, ಕರ್ಕೊಂಡ್ ಬನ್ನಿ." ತಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು: "ವಾಪಸ್ ತರೋವಾಗ ತೊಳೀಬೇಡ್ವೋ. ಸ್ವಲ್ಪ ಕೊಳೆಯಾಗಿದ್ರೂ ಪರವಾಗಿಲ್ಲ."

ಕಾಫಿ ಕುಡಿದು ಬಸ್ಸಿಗೆ ಹೋದರು. ನಾನು ಸೋಮೇಶ್ವರನಿಗೆ ಕೈಮುಗಿದು ಒಳಗೆ ಬಂದೆ. ಅಮ್ಮನಿಗೆಂದು ತೆಗೆದಿಟ್ಟಿದ್ದ ಹಾಸಿಗೆಯ ಗವುಸು ಬಿಚ್ಚಿ ನೆನೆಹಾಕಿದೆ.