ಕಮಾನಿಗೆ ಬೆನ್ನು ಕೊಟ್ಟವರು

ಹಳೆಯ ಕಟ್ಟಡಗಳ ಬಗ್ಗೆ ಊರೂರಿನ ಶಾಲೆಗಳಿಗೆ ಹೋಗಿ ಪಾಠ ಮಾಡುವವನು ನಾನು. ತಿಕೋಟಾದ ಶಾಲೆಯಲ್ಲಿ ಕಮಾನಿನ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮಾಡಿದ್ದೆ. ಮಕ್ಕಳು ಆಕಳಿಸಿದರು. ಹಾಗಾಗಿ ಮರುವಾರ ಬಬಲೇಶ್ವರದ ಶಾಲೆಗೆ ಇಟ್ಟಿಗೆಗಳನ್ನೂ ಲಾರಿಯ ಹಳೆಯ ಟ್ಯೂಬೊಂದನ್ನೂ ತರಿಸಿದೆ.

ಅಲ್ಲಿನ ಮುಖ್ಯೋಪಾಧ್ಯಾಯಿನಿ ಮೊದಲೇ ಹೇಳಿಬಿಟ್ಟರು: "ಈ ಇಟ್ಟಂಗಿ ಕಮಾನು ನಿಂತರ ಮುಂದಿನ ಶನಿವಾರ ಇವರನ್ನ ವಿಜಯಪುರಕ್ಕ ಕರಕೊಂಡು ಹೋಗಿ ಎಲ್ಲಾ ಕಮಾನು ತೋರಸ್ರಿ. ಬಿತ್ತಂದ್ರ ಗಣಿತದ ಪಿರಿಯಡ್ ನನಗ ವಾಪಸ್ ಕೊಡ್ರಿ."

ಅದನ್ನು ಕೇಳಿದ ಮೇಲೆ ಮಕ್ಕಳನ್ನು ಹಿಡಿಯುವವರಿಲ್ಲ. ಗಾಳಿ ತುಂಬಿದ ಟ್ಯೂಬನ್ನು ಅಂಗಳದಲ್ಲಿ ಅರ್ಧ ಹುಗಿದು ನಿಲ್ಲಿಸಿದೆವು. ಮಕ್ಕಳು ಅದರ ಮೇಲೆ ಎರಡೂ ಕಡೆಯಿಂದ ಇಟ್ಟಿಗೆ ಜೋಡಿಸುತ್ತ, ಸಂದಿಗೆ ಕಲ್ಲಿನ ಚಕ್ಕೆ ಸಿಕ್ಕಿಸುತ್ತ ಬಂದರು. ಸಿಮೆಂಟಿಲ್ಲ. ಕಮಾನಿನ ಕಾಲುಗಳು ಹೊರಕ್ಕೆ ಸರಿಯದಂತೆ ಎರಡೂ ಬದಿಗೆ ಮಣ್ಣಿನ ಚೀಲ ಒಟ್ಟಿದೆವು. ಎತ್ತರ ಮೊಣಕಾಲಿಗಿಂತ ತುಸು ಮೇಲೆ.

ಕೊನೆಗೆ ಒಳಗಿನ ಆಸರೆ ತೆಗೆಯಲು ಟ್ಯೂಬಿನ ಗಾಳಿ ಬಿಟ್ಟೆ. ಸುಯ್ಯೆಂದು ಟ್ಯೂಬು ಕುಗ್ಗಿತು. ಅದಕ್ಕೂ ಇಟ್ಟಿಗೆಗೂ ನಡುವೆ ಬೆರಳಷ್ಟು ಬೆಳಕು ಕಾಣಿಸಿತು. ಆಗ ಕಮಾನಿನ ಎಡಗಾಲು ಕರ್ ಎಂದು ಸರಿಯಿತು. ನೆತ್ತಿಯ ಇಟ್ಟಿಗೆ ಕೆಳಗೆ ಜಗ್ಗಿತು. ನೋಡಿದರೆ ಆ ಕಡೆಯ ಎರಡು ಚೀಲಗಳನ್ನು ಹುಡುಗರು ಕೂರಲು ಎಳೆದುಕೊಂಡಿದ್ದರು.

"ಲೇ, ಅದೇನು ನಿಮ್ಮ ಮಾವನ ಮನಿ ಸೋಫಾ ಏನ್ಲೇ" ಎನ್ನುತ್ತಲೇ ಜೈನಾಪುರದಿಂದ ಬರುವ ಏಳನೆಯ ತರಗತಿಯ ಹುಡುಗಿಯೊಬ್ಬಳು ಓಡಿ, ಉಳಿದ ಚೀಲಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ ಕುಳಿತಳು. ಜಗ್ಗುತ್ತಿದ್ದ ಇಟ್ಟಿಗೆ ಅಲ್ಲೇ ನಿಂತಿತು.

"ಸರ, ಇದು ನನ್ನ ದಬ್ಬಾಕತ್ತೈತ್ರಿ," ಎಂದಳು. ಮುಖ ಅರಳಿತ್ತು.

"ಸುಳ್ಳ ಹೇಳ್ತಾಳ್ರಿ," ಎಂದ ಚೀಲ ಎಳೆದವರಲ್ಲಿ ಒಬ್ಬ.

"ನೀನ ಕುಂತು ನೋಡ ಬಾ."

ಅವನು ಪಕ್ಕದಲ್ಲಿ ಬೆನ್ನು ಕೊಟ್ಟು ಕುಳಿತ. "ಹೌದ್ರಿ ಸರ, ದಬ್ಬತೈತಿ," ಎಂದ. ಆಮೇಲೆ ಎಲ್ಲರಿಗೂ ದಬ್ಬಿಸಿಕೊಳ್ಳಬೇಕು; ಅಂಗಳದ ತುಂಬ ಸಾಲು, ನಗು. ತಿಕೋಟಾದಲ್ಲಿ ನಾನು ಬಾಣದ ಗುರುತು ಹಾಕಿ ವಿವರಿಸಿದ್ದ ಒತ್ತಡ ಅದೇ.

ಮುಖ್ಯೋಪಾಧ್ಯಾಯಿನಿ ಹತ್ತಿರ ಬಂದರು. "ಇದು ನಿಂತಂಗಾತೇನ್ರಿ? ಹುಡುಗ್ರು ಹಿಡಕೊಂಡಾರ."

"ಚೀಲ ಹಿಡದ್ರ ಲೆಕ್ಕ, ನಾವು ಹಿಡದ್ರ ಲೆಕ್ಕಿಲ್ಲೇನ್ರಿ ಅಕ್ಕೋರ?" ಎಂದಳು ಆ ಹುಡುಗಿ, ಕುಳಿತಲ್ಲಿಂದಲೇ.

ಅವರು ಸೆರಗು ಸಿಕ್ಕಿಸಿಕೊಂಡು, ಅವಳ ಪಕ್ಕದಲ್ಲಿದ್ದ ಹುಡುಗನನ್ನು ಎಬ್ಬಿಸಿ, ಅವನ ಜಾಗದಲ್ಲಿ ನೆಲದ ಮೇಲೆ ಕುಳಿತು ಚೀಲಕ್ಕೆ ಒರಗಿದರು. ಮಕ್ಕಳೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಬಹಳ ಹೊತ್ತಾದರೂ ಅವರು ಏಳಲಿಲ್ಲ. ಒರಗಿದಂತೆಯೇ ನನ್ನನ್ನು ಕೇಳಿದರು: "ಶನಿವಾರ ಬಸ್ಸು ಎಷ್ಟಕ್ಕ ಬರಾಕ ಹೇಳೂಣ್ರಿ?"